ಹೊಲದಲ್ಲಿ ಹೂತ ಮೇಣದ ತುಂಡು

ಕಾಕಾನ ಬಾಯಿಂದ ಮೊದಲ ಸಲ ತಪ್ಪು ಊರಿನ ಹೆಸರು ಬಂದಾಗ ಸೇಡಂ ಬಸ್ ನಿಲ್ದಾಣದಲ್ಲಿದ್ದ ಯಾರಿಗೂ ಅದು ರೋಗ ಅನ್ನಿಸಲಿಲ್ಲ. ಎಲ್ಲರೂ ನಕ್ಕರು. ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದವನು ಅವನೇ. ನಿಲ್ದಾಣದಲ್ಲಿ ಅವನು ಕಂಟ್ರೋಲರ್. ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ ಅಂತ ಮೈಕಿನಲ್ಲಿ ಹೇಳುವುದು ಅವನ ಕೆಲಸ. ಆ ದನಿಗೆ ಒಂದು ಗತ್ತಿತ್ತು. "ಚಿತ್ತಾಪುರ, ವಾಡಿ, ಶಹಾಬಾದ ಕಡಿ ಹೋಗೋರು ಜಲ್ದಿ ಹತ್ರಿ, ಕಿಡಕ್ಯಾಗಿಂದ ಟವೆಲ್ ಒಗಿಬ್ಯಾಡ್ರಿ" ಅಂತ ಅವನು ಹೇಳಿದರೆ, ಸೀಟು ಹಿಡಿಯಲು ಟವೆಲು ಎತ್ತಿದ ಕೈ ಹಾಗೇ ಕೆಳಗಿಳಿಯುತ್ತಿತ್ತು.

ಅವತ್ತು ಚಿತ್ತಾಪುರದ ಬಸ್ಸು ಬಂದು ನಿಂತಾಗ ಅವನು ಚಿಂಚೋಳಿ ಅಂದುಬಿಟ್ಟ. ಚಿಂಚೋಳಿಯ ಮಂದಿ ಗಂಟುಮೂಟೆ ಸಮೇತ ಹತ್ತಿ ಕೂತರು. ಕಂಡಕ್ಟರ್ ಟಿಕೆಟ್ ಕೊಡಲು ಶುರು ಮಾಡುವ ಹೊತ್ತಿಗೆ ಬಸ್ಸು ಊರು ದಾಟಿತ್ತು. ಒಳಗೆ ಎದ್ದ ಗದ್ದಲದ ಕಥೆಯನ್ನು ಚಹದ ಅಂಗಡಿಯಲ್ಲಿ ಎಷ್ಟೋ ದಿನ ಹೇಳಿಕೊಂಡು ನಗುತ್ತಿದ್ದರು. ಕಾಕಾನೂ ನಕ್ಕ. ಕೆಲವು ವಾರ ಕಳೆದ ಮೇಲೆ ವಾಡಿ ಅನ್ನಲು ಹೋಗಿ ಬರೀ ಬಾಯಿ ತೆರೆದು ಕೂತ. ಅದಾದ ಮೇಲೆ ಒಂದು ಮಧ್ಯಾಹ್ನ ಫಿಟ್ಸ್ ಬಂದು ಕುರ್ಚಿಯಿಂದ ಬಿದ್ದ. ಮೈಕು ಚಾಲೂ ಇತ್ತು. ಬಿದ್ದ ಸದ್ದು ಇಡೀ ನಿಲ್ದಾಣಕ್ಕೆ ಕೇಳಿಸಿತು.

ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗದಲ್ಲಿ ಗಡ್ಡೆ ಕಾಣಿಸಿತು. ವಿಚಿತ್ರ ಅಂದರೆ, ಆ ಹೊತ್ತಿಗೆ ಆ ಗಡ್ಡೆಗಳೇ ನನ್ನ ಹೊಟ್ಟೆಪಾಡಾಗಿದ್ದವು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ನಾನು ಮಿದುಳಿನ ಗಡ್ಡೆಯ ಜೀವಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸಿ, ಅವು ಬೆಳೆಯುವುದನ್ನು ಯಾಕೆ ನಿಲ್ಲಿಸುವುದಿಲ್ಲ ಅಂತ ನೋಡುವವಳು. ನಮ್ಮ ಬಳಗದವರ ಲೆಕ್ಕದಲ್ಲಿ ನಾನು ಬಾಟಲಿಗಳಲ್ಲಿ ಮಿದುಳು ತುಂಬಿಸಿಟ್ಟುಕೊಂಡು ಕೂತವಳು. ಮದುವೆಯ ಊಟದ ಪಂಕ್ತಿಯಲ್ಲಿ ಯಾರಾದರೂ ನನ್ನ ಕೆಲಸ ಏನು ಅಂತ ಕೇಳಿದರೆ ಪಕ್ಕದಲ್ಲಿ ಕೂತವರು ಹೋಳಿಗೆ ಅರ್ಧಕ್ಕೇ ಬಿಡುತ್ತಾರೆ. ನನಗೇನೂ ಬೇಜಾರಿಲ್ಲ, ಆ ಅರ್ಧ ಹೋಳಿಗೆಯನ್ನು ನಾನು ಬಿಡುವವಳಲ್ಲ.

ನನ್ನ ಕೆಲಸ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ಜೀವಕೋಶದ ಹೊರಮೈಯಲ್ಲಿ ಕೆಲವು ಪ್ರೋಟೀನುಗಳು ಇರುತ್ತವೆ. 'ಬೆಳೆ' ಅನ್ನುವ ಸಂದೇಶ ಹೊರಗಿನಿಂದ ಬಂದರೆ ಅವು ಅದನ್ನು ಹಿಡಿದು ಒಳಗಿನ ಇನ್ನೊಂದು ಪ್ರೋಟೀನಿಗೆ ಮುಟ್ಟಿಸುತ್ತವೆ. ಅದು ಮತ್ತೊಂದಕ್ಕೆ ಮುಟ್ಟಿಸುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿ ಸಂದೇಶ ಒಳಗಿನ ಡಿಎನ್‌ಎವರೆಗೂ ಹೋಗುತ್ತದೆ, ಕೋಶ ಒಡೆದು ಎರಡಾಗುತ್ತದೆ. ಕೆಲಸ ಮುಗಿದ ಮೇಲೆ ಸಂದೇಶ ನಿಲ್ಲುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ. ಗಡ್ಡೆಯಲ್ಲಿ ಈ ಸಾಲಿನ ಯಾವುದೋ ಒಂದು ಪ್ರೋಟೀನು ಕೆಟ್ಟಿರುತ್ತದೆ. ಹಿಂದಿನಿಂದ ಯಾರೂ ಏನೂ ಹೇಳದಿದ್ದರೂ ಅದು ಮುಂದಿನವರಿಗೆ 'ಬೆಳೆ, ಬೆಳೆ' ಅನ್ನುತ್ತಲೇ ಇರುತ್ತದೆ. ಎಲ್ಲರ ಗಡ್ಡೆಯಲ್ಲೂ ಕೆಟ್ಟಿರುವುದು ಒಂದೇ ಪ್ರೋಟೀನಲ್ಲ. ಯಾವುದು ಕೆಟ್ಟಿದೆ ಅಂತ ಗೊತ್ತಾದರೆ, ಅದನ್ನೇ ಹಿಡಿದು ಸುಮ್ಮನಾಗಿಸುವ ಮಾತ್ರೆ ಕೆಲವಕ್ಕೆ ಉಂಟು. ಗೊತ್ತಾಗಬೇಕಾದರೆ ಗಡ್ಡೆಯ ಒಂದು ಚೂರು ಕೈಯಲ್ಲಿರಬೇಕು.

ಹೈದರಾಬಾದಿನಲ್ಲೇ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ತೆಗೆದ ಗಡ್ಡೆಯ ಚೂರುಗಳನ್ನು ಆಸ್ಪತ್ರೆಯವರು ಪದ್ಧತಿಯಂತೆ ಬಿಳಿ ಮೇಣದಲ್ಲಿ ಎರಕ ಹೊಯ್ದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಕೂಡಿಸಿ ಪರೀಕ್ಷೆ ಮಾಡಿದ್ದರು. ಯಾವ ಪ್ರೋಟೀನು ಕೆಟ್ಟಿದೆ ಅನ್ನುವ ಪರೀಕ್ಷೆ ಆಗ ಬೇಕಾಗಲಿಲ್ಲ. ಗಡ್ಡೆ ಹೊರಗೆ ಬಂದಿತ್ತು, ಮೇಲೆ ಕಿರಣ ಚಿಕಿತ್ಸೆಯೂ ಆಯಿತು. ಡಿಸ್ಚಾರ್ಜ್ ಆಗುವ ದಿನ ನಾನು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಮೇಣದ ತುಂಡುಗಳ ಡಬ್ಬಿಯನ್ನು ಕಾಕಿಯ ಕೈಗೆ ಕೊಟ್ಟಿದ್ದರು. ಮುಂದೆ ಬೇರೆ ಆಸ್ಪತ್ರೆಗೆ ತೋರಿಸುವುದಿದ್ದರೆ ಇರಲಿ ಅಂತ ನಾವೇ ಎಲ್ಲವನ್ನೂ ಕೇಳಿ ಪಡೆದಿದ್ದೆವು. ಊರಿಗೆ ಹೋದ ಮೇಲೆ ನಾನು ಫೋನಿನಲ್ಲಿ ಕೇಳಿದ್ದೆ. "ಭಾಳ ಜತನ ಮಾಡೀನಿ, ನೀ ಚಿಂತಿ ಮಾಡಬ್ಯಾಡ" ಅಂದಿದ್ದಳು ಕಾಕಿ. ಕಾಕಿ ಶಹಾಬಾದದ ಹೆಣ್ಣುಮಗಳು. ಅವಳು ಜತನ ಮಾಡಿದ ವಸ್ತುವನ್ನು ಅವಳ ಹೊರತು ಯಾರೂ ಹುಡುಕಲಾರರು.

ಕಾಕಾ ಕೆಲಸಕ್ಕೆ ಮರಳಿದ. ಆದರೆ ಮೈಕು ಹಿಡಿಯಲಿಲ್ಲ. ಪಕ್ಕದ ಮೇಜಿನಲ್ಲಿ ಕೂತು ಬಸ್ಸುಗಳ ಹೊತ್ತು ಬರೆದುಕೊಳ್ಳುತ್ತಿದ್ದ. ಮನೆಯಲ್ಲೂ ಬೇಕಾದಷ್ಟೇ ಮಾತು, ಒಮ್ಮೊಮ್ಮೆ ಅದೂ ಇಲ್ಲ. ತಲೆ ತೆರೆದವರು ಹಾಗೇ ಅಂತ ಎಲ್ಲರೂ ಅಂದುಕೊಂಡೆವು. ನನಗೆ ಮಾತ್ರ ಲೆಕ್ಕ ಸರಿಹೋಗಲಿಲ್ಲ. ತಪಾಸಣೆಗೆ ಬಂದಾಗ ಡಾಕ್ಟರು ಚಿತ್ರಗಳನ್ನು ತೋರಿಸಿ ಹೆಸರು ಕೇಳುತ್ತಿದ್ದರು. ಗಡಿಯಾರ, ಆನೆ, ಕೀಲಿಕೈ ಎಲ್ಲವನ್ನೂ ಅವನು ಸರಿಯಾಗಿ ಹೇಳುತ್ತಿದ್ದ. ಮಾತು ಇತ್ತು, ಆಡುವ ಮನಸ್ಸಿರಲಿಲ್ಲ.

ಒಂದೂವರೆ ವರ್ಷದ ಮೇಲೆ ಸ್ಕ್ಯಾನಿನಲ್ಲಿ ಹೊಸ ಚುಕ್ಕೆ ಕಾಣಿಸಿತು. ಈ ಸಲ ಅದು ಮಾತು ಹುಟ್ಟುವ ಜಾಗಕ್ಕೆ ಒತ್ತಿಕೊಂಡೇ ಇತ್ತು. ಡಾಕ್ಟರು ನನ್ನನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು. ಮತ್ತೆ ತಲೆ ತೆರೆದರೆ ಗಡ್ಡೆ ಹೊರಗೆ ಬರಬಹುದು, ಅದರ ಜೊತೆ ಮಾತೂ ಹೋಗಬಹುದು. ಅದಕ್ಕೆ ಮೊದಲು ಹಳೆಯ ಮೇಣದ ತುಂಡುಗಳನ್ನು ತಂದುಕೊಡು, ಯಾವ ಪ್ರೋಟೀನು ಕೆಟ್ಟಿದೆ ನೋಡಿಸೋಣ. ಮಾತ್ರೆ ಇರುವಂಥದ್ದಾದರೆ ತಲೆ ಮುಟ್ಟುವುದೇ ಬೇಡ. ನಾನು ಕುಣಿದಾಡುತ್ತಾ ಹೊರಗೆ ಬಂದೆ. ಸುಳ್ಳು ಯಾಕೆ, ಆ ಹೊತ್ತಿನಲ್ಲಿ ನನಗೆ ಹೆದರಿಕೆಗಿಂತ ಹುರುಪೇ ಹೆಚ್ಚಾಗಿತ್ತು. ಇಷ್ಟು ವರ್ಷ ತಟ್ಟೆಯಲ್ಲಿ ನೋಡಿದ್ದು ಮನೆಯವರ ಕೆಲಸಕ್ಕೆ ಬರುವ ದಿನ ಬಂದಿತ್ತು. ಮರುದಿನವೇ ಸೇಡಂ ರೈಲು ಹತ್ತಿದೆ.

ಮನೆಯಲ್ಲಿ ಅತ್ತೆಯೂ ಇದ್ದಳು. ಕಾಕಾನ ಅಕ್ಕ, ಚಿಂಚೋಳಿಗೆ ಕೊಟ್ಟ ಹೆಣ್ಣು. ಹೊಸ ಚುಕ್ಕೆಯ ಸುದ್ದಿ ಕೇಳಿ ಓಡಿ ಬಂದಿದ್ದಳು. ನಾನು ಕೈಕಾಲು ತೊಳೆಯುವ ಮೊದಲೇ ಡಬ್ಬಿ ಕೇಳಿದೆ.

"ಡಬ್ಬಿ ಮನ್ಯಾಗೆಲ್ಲಿ ಅದವ್ವಾ, ಹೊಲದಾಗ ಅದ" ಅಂದಳು ಕಾಕಿ.

"ಹೊಲದಾಗ ಯಾಕ?"

"ಯಾಕಂದ್ರ? ಮಣ್ಣು ಮಾಡೀವಿ."

ನಮ್ಮಲ್ಲಿ ಲಿಂಗ ಕಟ್ಟಿಕೊಂಡವರನ್ನು ಸುಡುವುದಿಲ್ಲ, ಹೂಳುತ್ತೇವೆ. ಮನುಷ್ಯನಿಂದ ಬೇರೆಯಾದ ಅಂಗಕ್ಕೂ ಅದೇ ಮರ್ಯಾದೆ. ಕಲ್ಲು ಪಾಲಿಶ್ ಮಾಡುವ ಮಶೀನಿಗೆ ಬೆರಳು ಕೊಟ್ಟುಕೊಂಡವರು ಆ ಬೆರಳಿಗೂ ವಿಭೂತಿ ಹಚ್ಚಿ ಮಣ್ಣಿಗೆ ಕೊಡುತ್ತಾರೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆಸ್ಪತ್ರೆಯ ಮೇಣದ ತುಂಡಿಗೂ ಇದು ಹೊಂದುತ್ತದೆ ಅಂತ ಲೋಕದಲ್ಲಿ ನಮ್ಮ ಕಾಕಿಗೊಬ್ಬಳಿಗೇ ಹೊಳೆಯಬೇಕು.

"ಆ ದವಾಖಾನಿಯವನೇ ಹೇಳಿದ, ಇದು ನಿಮ್ಮವರ ತಲಿಯಾಗಿಂದು, ಜತನ ಇಡ್ರಿ ಅಂತ. ಮನಷ್ಯಾರ ತಲಿಯಾಗಿಂದು ಕಪಾಟಿನ್ಯಾಗ ಇಡ್ತಾರೇನು, ಉಪ್ಪಿನಕಾಯಿ ಬಾಜೂಕ? ಅಯ್ಯನೋರನ್ನ ಕರಿಸಿ, ಈಬತ್ತಿ ಹಚ್ಚಿ, ಪತ್ರಿ ಏರಿಸಿ, ಕುಡಿಕಿಯಾಗಿಟ್ಟು ಮಣ್ಣಿಗಿ ಕೊಟ್ಟೀನಿ. ಇದಕ್ಕಿಂತ ಜತನ ಇನ್ನೇನದ?"

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ನಾನು ಮಾತಾಡುವುದಿಲ್ಲ, ಪಾತ್ರೆ ತೊಳೆಯುತ್ತೇನೆ. ಅವತ್ತು ತೊಳೆದಿಟ್ಟಿದ್ದ ಪಾತ್ರೆಗಳನ್ನೂ ಮತ್ತೆ ತೊಳೆದೆ. ತೊಳೆಯುತ್ತಾ ಯೋಚಿಸಿದೆ. ಮೇಣದೊಳಕ್ಕೆ ನೀರು ಇಳಿಯುವುದಿಲ್ಲ. ಒಳಗಿನ ಚೂರು ಮೊದಲೇ ಔಷಧದಲ್ಲಿ ನೆನೆದು ಗಟ್ಟಿಯಾದದ್ದು, ಸುಲಭಕ್ಕೆ ಕೊಳೆಯದು. ಹೆದರಬೇಕಾದದ್ದು ಎರಡಕ್ಕೆ, ಬಿಸಿಗೆ ಮತ್ತು ಇಲಿಗೆ. ನಮ್ಮ ಎರೆಹೊಲದಲ್ಲಿ ಇಲಿಗಳಿಗೆ ಬರವಿಲ್ಲ, ಮೇಣ ಅಂದರೆ ಅವಕ್ಕೆ ಬಲು ಪ್ರೀತಿ. ಆದರೂ ಕುಡಿಕೆ ಒಡೆಯದೆ ಇದ್ದರೆ ಸಿಕ್ಕೇ ಸಿಗುತ್ತದೆ ಅನ್ನಿಸಿತು. ಕೈ ಒರೆಸಿಕೊಂಡು ಹೊರಗೆ ಬಂದು, "ನಡೀರಿ, ತೆಗಿಯೂಣು" ಅಂದೆ.

ಆಗ ಅತ್ತೆ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಮಣ್ಣಿಗಿ ಕೊಟ್ಟದ್ದು ತೆಗಿಬಾರದು. ನಾ ಬಿಡಂಗಿಲ್ಲ."

"ಅತ್ತಿ, ಅದು ಹೆಣ ಅಲ್ಲ. ಪರೀಕ್ಷಾಕ್ಕ ಬೇಕಾಗ್ಯಾದ."

"ನಿನಗ ಓದಿದ್ದಷ್ಟೇ ಗೊತ್ತು. ಅವತ್ತ ನಾನೂ ಹೊಲದಾಗ ಇದ್ದೆ. ನಿಂದು ಅರ್ಧ ಮಣ್ಣು ಆಯ್ತು, ಇನ್ನ ಸಾವು ನಿನ್ನ ತಂಟೀಗಿ ಬರಂಗಿಲ್ಲ, ಅದರ ಪಾಲು ಅದಕ್ಕ ಮುಟ್ಟಿತು ಅಂತ ಮನಿಗಿ ಬಂದು ನಾನೇ ಇವಗ ಹೇಳೀನಿ. ಕೊಟ್ಟ ಪಾಲು ಕಸ್ಕೊಂಡ್ರ ಅದು ಸುಮ್ನ ಇರ್ತದೇನು? ಪೂರಾನೇ ಒಯ್ತದ."

ಇದು ಹಟದ ಮಾತಲ್ಲ ಅಂತ ನನಗೆ ಆಗ ತಿಳಿಯಿತು. ತಮ್ಮನನ್ನು ಉಳಿಸಿಕೊಳ್ಳಲು ಅವಳು ಸಾವಿನ ಜೊತೆ ಒಂದು ಕರಾರು ಮಾಡಿಕೊಂಡಿದ್ದಳು. ನಾನು ಪ್ರೋಟೀನಿನ ಮಾತೆತ್ತಿ ಅದನ್ನು ಮುರಿಯಲು ಬಂದಿದ್ದೆ. ಕಾಕಿ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

ಮೂಲೆಯ ಮಂಚದ ಮೇಲಿಂದ ಕಾಕಾ ಮಾತಾಡಿದ. ಅಷ್ಟು ಹೊತ್ತು ಅವನು ಅಲ್ಲಿದ್ದಾನೆ ಅನ್ನುವುದನ್ನೇ ನಾವು ಮೂವರು ಹೆಂಗಸರು ಮರೆತಿದ್ದೆವು.

"ಅಕ್ಕಾ, ನೀ ಹಂಗ ಅಂದಿದ್ದು ನನಗ ಒಳಗ ಕುಂತುಬಿಟ್ಟದ. ಅವತ್ತಿಂದ ನಾ ಅರ್ಧ ಮಣ್ಣಾದವ ಅಂತಾನೇ ತಿಳಕೊಂಡೀನಿ. ಮಣ್ಣಾದವ ಮೈಕ್‌ನ್ಯಾಗ ಏನಂತ ಕೂಗ್ತಾನ?"

ಅತ್ತೆ ಬಾಯಿಗೆ ಸೆರಗು ಹಿಡಿದಳು. ಒಂದೂವರೆ ವರ್ಷ ಈ ಮನೆಯಲ್ಲಿ ಯಾಕೆ ಮಾತಿರಲಿಲ್ಲ ಅನ್ನುವುದು ಆ ಒಂದು ಮಾತಿನಲ್ಲಿ ತಿಳಿದುಹೋಯಿತು. ಅವನ ಮಾತನ್ನು ಗಡ್ಡೆ ತಿಂದಿರಲಿಲ್ಲ. ಎಂಥೆಂಥ ಸ್ಕ್ಯಾನು ನೋಡಿದ್ದೆ, ಆದರೆ ಇದನ್ನು ಯಾವ ಸ್ಕ್ಯಾನೂ ತೋರಿಸಿರಲಿಲ್ಲ.

"ಸಾವು ಬರೂದಿದ್ರ ಬರ್ಲಿ ಅಕ್ಕಾ, ಬಂದಾಗ ಪೂರಾ ಒಯ್ಯಲಿ" ಅಂದ ಕಾಕಾ. ಪದಗಳನ್ನು ಒಂದೊಂದಾಗಿ ಹುಡುಕಿ ಇಡುತ್ತಿದ್ದ. "ಅರ್ಧಾ ಅಲ್ಲಿ, ಅರ್ಧಾ ಇಲ್ಲಿ ಇರೂದು ನನಗ ಬ್ಯಾಡಾಗ್ಯಾದ. ಅದು ನಂದು. ನಾನೇ ತೆಗಿತೀನಿ."

ನಾಲ್ವರೂ ಚಿತ್ತಾಪುರದ ಬಸ್ಸು ಹತ್ತಿದೆವು. ನಮ್ಮ ಹೊಲ ರಾವೂರದ ಕಡೆಗಿದೆ, ಚಿತ್ತಾಪುರದಿಂದ ಆಟೋದಲ್ಲಿ ಹೋಗಬೇಕು. ಅತ್ತೆ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು, ಆದರೆ ಬರುವುದಿಲ್ಲ ಅಂತ ಮಾತ್ರ ಅನ್ನಲಿಲ್ಲ. ತೊಗರಿ ಕಾಯಿಗಟ್ಟುವ ಕಾಲ. ಪಕ್ಕದ ಹೊಲದವರು ಬೇಸಾಯ ಬಿಟ್ಟು ಜಾಗವನ್ನು ಕಲ್ಲಿನ ಖಣಿಗೆ ಕೊಟ್ಟಿದ್ದಾರೆ. ಬದುವಿನ ಆಚೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿದೆ, ಈಚೆ ನಮ್ಮ ತೊಗರಿ ನಿಂತಿದೆ.

"ಗುರುತಿಗಿ ಏನಿಟ್ಟಿದಿ?" ಅಂತ ಕಾಕಿಯನ್ನು ಕೇಳಿದೆ.

"ಒಂದು ಫರಸಿ ಇಟ್ಟೀನಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫರಸಿ ಅಂದರೆ ಈ ಸೀಮೆಯ ಚಪ್ಪಟೆ ಕಲ್ಲು. ನಮ್ಮ ಹೊಲದ ಬದುವಿಗೆ ಫರಸಿ, ಬಾವಿಯ ಮೆಟ್ಟಿಲಿಗೆ ಫರಸಿ, ದನಗಳ ನೀರಿನ ತೊಟ್ಟಿಗೆ ಫರಸಿ. ಅಜ್ಜ ಅಜ್ಜಿಯ ಸಮಾಧಿಯ ಮೇಲೂ ಫರಸಿ, ಆಳುಗಳು ಕೂತು ಬುತ್ತಿ ಬಿಚ್ಚುವುದೂ ಫರಸಿಯ ಮೇಲೆ. ಅದರ ನಡುವೆ ಕಾಕಿ ಗುರುತಿಗೆ ಅಂತ ಒಂದು ಫರಸಿ ಇಟ್ಟಿದ್ದಳು. ಅಲ್ಲೇ ಸಮಾಧಿಯ ಆಸುಪಾಸು ಅನ್ನುವುದಷ್ಟೇ ಅವಳಿಗೆ ನೆನಪಿತ್ತು. ಮಳೆಗಾಲದಲ್ಲಿ ಕುಂಟೆ ಹೊಡೆದವರು ಅಡ್ಡ ಬಂದ ಕಲ್ಲುಗಳನ್ನೆಲ್ಲ ಅತ್ತಿತ್ತ ಸರಿಸಿದ್ದರು. ನಾನು ಮತ್ತು ಕಾಕಿ ಕಲ್ಲುಗಳನ್ನು ಒಂದೊಂದಾಗಿ ಮಗುಚತೊಡಗಿದೆವು. ಅತ್ತೆ ಮಾತ್ರ ದೂರ ನಿಂತಿದ್ದಳು, ಕೈ ಹಚ್ಚಲಿಲ್ಲ. ಒಂದರ ಕೆಳಗೆ ಚೇಳು ಇತ್ತು. ಇನ್ನೊಂದರ ಕೆಳಗೆ ಇಲಿಯ ಬಿಲ. ಅದನ್ನು ನೋಡಿದಾಗ ಮಾತ್ರ ನನ್ನ ಹುರುಪು ಸ್ವಲ್ಪ ಇಳಿಯಿತು.

ಕಾಕಾ ಗುದ್ದಲಿ ಹಿಡಿದುಕೊಂಡು ನಮ್ಮ ಪರದಾಟ ನೋಡುತ್ತಾ ನಿಂತಿದ್ದ. ಆಮೇಲೆ ಸಮಾಧಿ ದಾಟಿ, ಜಾಲಿಗಿಡದ ಬುಡಕ್ಕೆ ನಡೆದು ಹೋಗಿ, ಕಲ್ಲೂ ಇಲ್ಲದ ಬರೀ ನೆಲದ ಮೇಲೆ ಕಾಲು ಇಟ್ಟ.

"ಇಲ್ಲಿ ಅದ."

"ನಿಮಗ ಹ್ಯಾಂಗ ಗೊತ್ರಿ? ಅವತ್ತ ನೀವು ಮನ್ಯಾಗ ಮಲಗಿದ್ರಿ" ಅಂದಳು ಕಾಕಿ.

"ಅಕ್ಕ ಜಾಗ ಹೇಳಿದ್ಲು. ರಜಾ ಇದ್ದಾಗ ಬರ್ತಿದ್ದೆ. ನನ್ನ ಮಣ್ಣು ನಾನೇ ನೋಡ್ಕೊಂತ ಕುಂದರ್ತಿದ್ದೆ."

ಕಾಕಿ ಅಲ್ಲೇ ಬದುವಿನ ಮೇಲೆ ಕುಸಿದು ಕೂತು ಅತ್ತಳು. ರಜೆಯ ದಿನ ಗಂಡ ಗೆಳೆಯರ ಮನೆಗೆ ಹೋಗುತ್ತಾನೆ, ನಾಲ್ಕು ಮಾತಾಡಿ ಹಗುರಾಗುತ್ತಾನೆ ಅಂತ ಅವಳು ಸಂತೋಷಪಡುತ್ತಿದ್ದಳಂತೆ.

ಅವನೇ ಅಗೆದ. ಬಗ್ಗಿದಾಗ ಫಿಟ್ಸ್ ಬಂದರೆ ಅಂತ ನಾನು ಹತ್ತಿರವೇ ನಿಂತಿದ್ದೆ, ಬೇಡ ಅನ್ನಲಿಲ್ಲ. ಅನ್ನುವ ಧೈರ್ಯವೂ ಇರಲಿಲ್ಲ. ಮೊಳದಷ್ಟು ಆಳದಲ್ಲಿ ಕುಡಿಕೆಯ ಕಂಠ ಸಿಕ್ಕಿತು. ಬಾಯಿಗೆ ಕಟ್ಟಿದ್ದ ಬಟ್ಟೆ ಅರ್ಧ ಕರಗಿತ್ತು, ಅದರ ಮೇಲೆ ಮೆತ್ತಿದ್ದ ಮಣ್ಣು ಗಟ್ಟಿಯಾಗಿತ್ತು. ಕಾಕಾ ಕುಡಿಕೆಯನ್ನು ಎತ್ತಿ ಯಾರಿಗೆ ಕೊಡಲಿ ಅನ್ನುವಂತೆ ಸುತ್ತ ನೋಡಿದ. ನಾನು ಕೈ ಚಾಚುವ ಮೊದಲೇ ಅತ್ತೆ ಬಂದು ತೆಗೆದುಕೊಂಡಳು. ತನ್ನ ಸೆರಗಿನಿಂದ ಅದರ ಮೈಗೆ ಹತ್ತಿದ ಮಣ್ಣನ್ನೆಲ್ಲ ಒರೆಸಿದಳು. ಒರೆಸಿ ನನ್ನ ಕೈಗಿಟ್ಟು, "ಜಲ್ದಿ ಒಯ್ಯಿ" ಅಂದಳು.

ಒಳಗೆ ಒಣಗಿದ ಪತ್ರಿ ಇತ್ತು, ವಿಭೂತಿಯ ಪುಡಿ ಇತ್ತು, ನಡುವೆ ಪ್ಲಾಸ್ಟಿಕ್ ಚೌಕಟ್ಟುಗಳು ಇದ್ದವು. ಉಗುರಿನಿಂದ ಮೇಣವನ್ನು ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದರೆ ಮೆತ್ತಗಾಗುತ್ತಿತ್ತೋ ಏನೋ, ನೆಲ ಅದನ್ನು ತಂಪಾಗಿ ಇಟ್ಟಿತ್ತು. ಇದನ್ನು ಕಾಕಿಗೆ ಹೇಳಲಿಲ್ಲ. ಹೇಳಿದ್ದರೆ ಇವತ್ತಿಗೂ ಬಿಡುತ್ತಿರಲಿಲ್ಲ.

ಪರೀಕ್ಷೆ ನನ್ನ ಪ್ರಯೋಗಾಲಯದ್ದಲ್ಲ, ಅದಕ್ಕೆ ಬೇರೆಯೇ ಜಾಗ ಇದೆ. ಅಲ್ಲಿ ತುಂಡು ತೆಗೆದುಕೊಂಡ ಹುಡುಗಿ ಚೌಕಟ್ಟಿನ ಮೂಲೆಗೆ ಅಂಟಿದ್ದ ಬೂದಿ ನೋಡಿ ಇದೇನು ಅಂತ ಕೇಳಿದಳು. "ನೀವು ಮಿದುಳು ನೋಡಿ, ಬೂದಿಯ ಚಿಂತೆ ನಮಗಿರಲಿ" ಅಂದೆ. ಫಲಿತಾಂಶ ಬರುವವರೆಗೆ ನಾನು ನನ್ನ ಕೆಲಸದಲ್ಲಿ ಮುಳುಗಿದೆ ಅಂತ ಹೇಳಿದರೆ ಯಾರೂ ನಂಬಬೇಡಿ. ತಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುವುದು, ಕೋಶಗಳನ್ನು ನೋಡಿ ಬೈಯುವುದು, ಅಷ್ಟೇ ಮಾಡಿದೆ. ಅವು ನನ್ನ ಕಾಕಾನ ಕೋಶಗಳಲ್ಲ ಅಂತ ಗೊತ್ತಿದ್ದರೂ ಬೈದೆ.

ಸಾಲಿನ ನಡುವೆ ಇರುವ ಬಿ-ರಾಫ್ ಅನ್ನುವ ಪ್ರೋಟೀನು ಕೆಟ್ಟಿತ್ತು. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಆ ಪ್ರೋಟೀನು ಸದಾ ಚಾಲೂ ಸ್ಥಿತಿಯಲ್ಲಿ ನಿಂತುಬಿಟ್ಟಿತ್ತು. ಮಾತ್ರೆ ಇರುವಂಥ ಕೆಡುಕು ಅದು. ಓದಿದ ಕೂಡಲೇ ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಕಾಕಿಗೆ ಫೋನು ಮಾಡಿದೆ. ಅವಳಿಗೆ ತಿಳಿಯುವ ಹಾಗೆ ಹೇಳಬೇಕಿತ್ತು.

"ಕಾಕಿ, ಹೊಲದಾಗಿನ ಮೋಟರ್ ಸ್ಟಾರ್ಟರ್ ಒಮ್ಮಿ ಒಳಗ ಸುಟ್ಟು ಅಂಟಕೊಂಡಿತ್ತು, ನೆನಪದ ಏನು? ಬಟನ್ ಒತ್ತಿದ್ರೂ ಮೋಟರ್ ಬಂದ್ ಆಗಿದ್ದಿಲ್ಲ."

"ಹೌದು, ಪೂರಾ ಹೊಲ ಕೆಸರಾಗಿತ್ತು."

"ಕಾಕಾನ ತಲ್ಯಾಗ ಅಂಥಾದ್ದೇ ಒಂದು ಅಂಟಕೊಂಡದ."

"ಹಂಗಾರ ಫ್ಯೂಜ್ ಕೀಳೂ ಗುಳಿಗಿ ಅದ?"

"ಅದ. ಎರಡು ಅವ."

ಎರಡು ಯಾಕೆ ಅಂತ ಅವಳು ಕೇಳಿಯೇ ಕೇಳಿದಳು. ಬಿ-ರಾಫ್ ಒಂದನ್ನೇ ಹಿಡಿದರೆ ಗಡ್ಡೆ ಸುಮ್ಮನೆ ಕೂರುವುದಿಲ್ಲ, ಸಂದೇಶವನ್ನು ಪಕ್ಕದ ದಾರಿಯಿಂದ ದಾಟಿಸಲು ನೋಡುತ್ತದೆ, ಅದ್ದರಿಂದ ಸಾಲಿನಲ್ಲಿ ಅದರ ಮುಂದೆ ನಿಂತ ಪ್ರೋಟೀನನ್ನೂ ಹಿಡಿಯಬೇಕು ಅಂದೆ. ಆ ಹಠಮಾರಿತನವನ್ನು ನಾನು ದಿನಾ ತಟ್ಟೆಯಲ್ಲಿ ನೋಡುತ್ತೇನೆ. ಒಂದು ದಾರಿ ಮುಚ್ಚಿದರೆ ಕೋಶಗಳು ಕೆಲವು ದಿನ ಮಂಕಾಗಿರುತ್ತವೆ. ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ನಾಲ್ಕಾರು ಕೋಶ ಬೇರೆ ದಾರಿ ಹುಡುಕಿಕೊಂಡು ಮತ್ತೆ ಒಡೆಯತೊಡಗುತ್ತವೆ. ಎರಡನ್ನೂ ಮುಚ್ಚಿದರೆ ಅವಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ನಾನು ಕಾಕಿಗೆ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಾತ್ರೆ ಶುರುವಾದ ಕೆಲವೇ ದಿನಕ್ಕೆ ಕಾಕಾನಿಗೆ ಚಳಿಜ್ವರ ಬಂತು. ಹಲ್ಲು ಕಟಕಟ ಅನ್ನುವಂಥ ಜ್ವರ. ಈ ಮಾತ್ರೆಗಳಿಗೆ ಜ್ವರ ಬರುವುದುಂಟು ಅಂತ ಮೊದಲೇ ಹೇಳಿದ್ದೆ, ಆದರೆ ಹೇಳಿದ್ದು ಬೇರೆ, ಮೈ ಸುಡುವುದು ಬೇರೆ. ಅತ್ತೆ ಫೋನಿನಲ್ಲಿ ಒಂದೇ ಮಾತು ಅಂದಳು, "ಪಾಲು ಕೇಳಲಿಕ್ಕ ಬಂದದ." ನಾನೂ ಗಟ್ಟಿಯಾಗಿಯೇ ಹೇಳಿದೆ, "ಇದು ಗುಳಿಗಿ ಕೆಲಸ ಮಾಡೂದು ಅತ್ತಿ, ಬ್ಯಾರೆ ಯಾರೂ ಬಂದಿಲ್ಲ." ಡಾಕ್ಟರು ಮಾತ್ರೆ ನಿಲ್ಲಿಸಿ, ಜ್ವರ ಇಳಿದ ಮೇಲೆ ಮತ್ತೆ ಕೊಟ್ಟರು. ಆಮೇಲೂ ಒಂದೆರಡು ಸಲ ಬಂತು, ಹೋಯಿತು. ಮೈಮೇಲೆ ಗುಳ್ಳೆ ಎದ್ದವು, ಅವೂ ಹೋದವು.

ಮುಂದಿನ ಸ್ಕ್ಯಾನಿನಲ್ಲಿ ಚುಕ್ಕೆ ಚಿಕ್ಕದಾಗಿತ್ತು. ಅದರ ನಂತರದ್ದರಲ್ಲಿ ಇನ್ನೂ ಚಿಕ್ಕದು. ಹೋಗಿಲ್ಲ. ವಾಸಿಯಾಯಿತು ಅನ್ನುವ ಪದವನ್ನು ನಾನು ಬಳಸುವುದಿಲ್ಲ, ಬಳಗದವರು ಬಳಸಿದರೆ ತಿದ್ದುತ್ತೇನೆ. ಆದರೆ ತಲೆ ತೆರೆಯಲಿಲ್ಲ, ಮಾತು ಉಳಿಯಿತು. ಹೊಲದಿಂದ ಬಂದ ಮಾರನೆಯ ದಿನವೇ, ಮಾತ್ರೆಯ ಸುಳಿವೂ ಇಲ್ಲದಾಗಲೇ, ಕಾಕಾ ಕಿಟಕಿಗೆ ಹೋಗಿ ಮೈಕು ಕೇಳಿ ಪಡೆದಿದ್ದ. ಈಗಲೂ ಒಮ್ಮೊಮ್ಮೆ ಊರಿನ ಹೆಸರು ನಾಲಿಗೆಗೆ ತಡವಾಗಿ ಬರುತ್ತದೆ. ಬರುವವರೆಗೆ ಮಂದಿ ಕಾಯುತ್ತಾರೆ, ಕಾಯದೆ ಹತ್ತಿದವರನ್ನು ಅವನು ಮೈಕಿನಲ್ಲೇ ಬೈಯುತ್ತಾನೆ.

ಪರೀಕ್ಷೆಗೆ ಕೊಟ್ಟಿದ್ದರಲ್ಲಿ ಉಳಿದ ತುಂಡುಗಳು ಒಂದು ಡಬ್ಬಿಯಲ್ಲಿ ನನ್ನ ಕೈಗೆ ವಾಪಸು ಬಂದವು. ಅವನ್ನು ತೆಗೆದುಕೊಂಡು ಈ ಸಲ ಸೇಡಂಗೆ ಹೋದಾಗ ಕಾಕಿ ಹೊಸ ಕುಡಿಕೆ ತೊಳೆದು ಬೋರಲು ಹಾಕಿದ್ದಳು. ಅತ್ತೆ ಚಿಂಚೋಳಿಯಿಂದ ಪತ್ರಿ ತಂದಿದ್ದಳು. ಕೆಲಸ ಮುಗಿಯಿತಲ್ಲ, ಇನ್ನು ಎಲ್ಲಿಂದ ತೆಗೆದಿದ್ದೋ ಅಲ್ಲಿಗೇ ಸೇರಿಸಬೇಕು ಅನ್ನುವುದು ಇಬ್ಬರ ತೀರ್ಮಾನ. ನಾನು ಡಬ್ಬಿಯನ್ನು ಕಾಕಾನ ಮುಂದಿಟ್ಟೆ. ಅವನು ಮುಚ್ಚಳ ತೆಗೆದು, ಒಂದು ತುಂಡನ್ನು ಬೆಳಕಿಗೆ ಹಿಡಿದು, ಮೇಣದೊಳಗಿನ ಕಂದು ಚೂರನ್ನು ಬಹಳ ಹೊತ್ತು ನೋಡಿದ.

"ಇದು ಇನ್ನ ಯಾತಕ್ಕರ ಬರ್ತದೇನು?" ಅಂತ ನನ್ನನ್ನು ಕೇಳಿದ.

ಬರುತ್ತದೆ ಅಂದೆ. ಗಡ್ಡೆ ನಾಳೆ ಬೇರೆ ದಾರಿ ಹುಡುಕಿದರೆ, ಮೊದಲು ಹೇಗಿತ್ತು ಅಂತ ಹೋಲಿಸಲು ಬೇಕಾಗಬಹುದು. ನೀನು ಒಪ್ಪಿ ಕೊಟ್ಟರೆ ನಮ್ಮ ಪ್ರಯೋಗಾಲಯದಲ್ಲಿಟ್ಟುಕೊಂಡು ಪರೀಕ್ಷಿಸಿ ಓದಬಹುದು, ಬೇರೆ ಯಾರಿಗಾದರೂ ಉಪಯೋಗವಾದೀತು ಅಂತಲೂ ಹೇಳಿದೆ. ಬೇರೆ ದಾರಿ ಹುಡುಕುತ್ತದೆಯೇ ಅಂತ ಅವನು ಕೇಳಿದ. ಹುಡುಕಬಹುದು ಕಾಕಾ, ಯಾವಾಗ ಅಂತ ಗೊತ್ತಿಲ್ಲ ಅಂದೆ. ಅವನೆದುರು ಈ ಮಾತನ್ನು ನಾನು ಅದೇ ಮೊದಲ ಸಲ ಆಡಿದ್ದು. ಅವನು ತಲೆದೂಗಿದ. ಹೆದರಿದಂತೆ ಕಾಣಲಿಲ್ಲ.

ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಕಡೆಗೇ ಸರಿಸಿದ.

"ಕುಡಿಕಿ ಒಳಗಿಡು" ಅಂತ ಕಾಕಿಗೆ ಹೇಳಿದ. ಆಮೇಲೆ ನನಗೆ, "ನಿನ್ನ ಬಲ್ಲೇ ಇರ್ಲಿ, ಯವ್ವಾ. ಓದೂದೇನದ ಓದಿಕೊ. ನಾ ಹೋಗೂ ದಿನ ತಂದು ನನ್ನ ಮಗ್ಗಲಿಗಿ ಇಡು. ಇಬ್ರೂ ಕೂಡೇ ಹೋಗ್ತೀವಿ" ಅಂದ.

ಅತ್ತೆ ಪತ್ರಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

"ತರ್ತೀನಿ ಕಾಕಾ, ಆದ್ರ ಭಾಳ ತಡಾ ಮಾಡಿ ತರ್ತೀನಿ" ಅಂದೆ.